ನಿದಾನಕ್ಕೂ ಬೆಲೆಯಿದೆ: ಹಳೆಯ ಕಾರು ಚಾಲೂ ಆಗದಿದ್ದಾಗ

ನೈರೋಬಿಯಲ್ಲಿ ಹಳೆಯ ಕಾರುಗಳಿಗೆ ಇಂದಿಗೂ ಮರ್ಯಾದೆಯಿದೆ. 1953ರಲ್ಲಿ ಆರಂಭವಾದ ಸಫಾರಿ ರ‍್ಯಾಲಿಯನ್ನು ಪೀಜೋ 404 ಕಾರು 1963ರಲ್ಲಿಯೂ, 1966ರಿಂದ 1968ರವರೆಗೆ ಸತತವಾಗಿಯೂ ಗೆದ್ದಿತು. ಭಾರತೀಯ ಮೂಲದ ಜೋಗಿಂದರ್ ಸಿಂಗ್ 1965ರಲ್ಲಿ ವೋಲ್ವೊ ಕಾರಿನಲ್ಲಿ ಗೆದ್ದು ಇಲ್ಲಿಯ ನಮ್ಮವರಿಗೆಲ್ಲ ಹೆಮ್ಮೆ ತಂದರು. ಅಂತಹ ಕಾಲದ ಕಾರನ್ನು ಇಂದಿಗೂ ಅಕ್ಕರೆಯಿಂದ ಇಟ್ಟುಕೊಂಡಿರುವ ಸದಸ್ಯ ಬಂಧುಗಳ ಗಮನಕ್ಕೆ ಒಂದು ಅಭಿಪ್ರಾಯವನ್ನು ಮಂಡಿಸಬಯಸುತ್ತೇವೆ.

ಒಂದು ಮುಂಜಾನೆ ಕಾರು ಚಾಲೂ ಆಗುವುದಿಲ್ಲ. ನಾವು ಏನು ಮಾಡುತ್ತೇವೆ? ಕಿರಿನ್ಯಾಗಾ ರಸ್ತೆಯ ಅಂಗಡಿಗಳಿಂದ ಪ್ಲಗ್ಗು, ಕಾಯಿಲ್, ಕಂಡೆನ್ಸರ್ ಎಲ್ಲವನ್ನೂ ತರಿಸಿ, ಒಂದೊಂದಾಗಿ ಬದಲಾಯಿಸಿ ನೋಡಿರೆಂದು ಫುಂಡಿಗೆ ಹೇಳುತ್ತೇವೆ. ವೈದ್ಯವೃತ್ತಿಯಲ್ಲಿರುವ ನಮಗೆ ಇದು ಜ್ವರ ಬಂದವನಿಗೆ ಅಂಗಡಿಯ ಔಷಧಿಗಳನ್ನೆಲ್ಲ ಕುಡಿಸಿದಂತೆ ತೋರುತ್ತದೆ. ಗುಣವಾದರೂ ರೋಗ ಯಾವುದೆಂದು ತಿಳಿಯುವುದಿಲ್ಲ. ತಿಳಿಯದ ರೋಗ ಮರಳಿ ಬರುತ್ತದೆ, ಬಹುಶಃ ನೈವಾಶಾ ಇಳಿಜಾರಿನ ಕತ್ತಲಲ್ಲಿ, ಮಕ್ಕಳು ಹಿಂದಿನ ಆಸನದಲ್ಲಿರುವಾಗ.

ಹಳೆಯ ಕಾರಿನ ಕಿಡಿಯ ವ್ಯವಸ್ಥೆ ಗೂಢವೇನಲ್ಲ. ಬ್ಯಾಟರಿಯ 12 ವೋಲ್ಟ್ ಕೀಲಿಯ ಮೂಲಕ ಕಾಯಿಲ್‌ಗೆ ಹರಿದು, ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳ ಮೂಲಕ ಕಾರಿನ ಮೈಗೆ ಸೇರುತ್ತದೆ. ಪಾಯಿಂಟು ತೆರೆದ ಕ್ಷಣದಲ್ಲಿ ಕಾಯಿಲ್‌ನ ಕಾಂತಕ್ಷೇತ್ರ ಕುಸಿದು ಸಾವಿರಾರು ವೋಲ್ಟ್ ಹುಟ್ಟುತ್ತದೆ. ರೋಟರ್ ಅದನ್ನು ಸರದಿಯಂತೆ ಪ್ಲಗ್ಗುಗಳಿಗೆ ಹಂಚುತ್ತದೆ. ಪಾಯಿಂಟುಗಳ ನಡುವೆ ಕಿಡಿ ಹಾರಿ ಅವು ಸುಟ್ಟುಹೋಗದಂತೆ ಕಂಡೆನ್ಸರ್ ಕಾಯುತ್ತದೆ.

ಪರೀಕ್ಷೆಯೂ ಇದೇ ದಾರಿಯಲ್ಲಿ ಸಾಗಬೇಕು. ಮೊದಲು ಬ್ಯಾಟರಿ: ವಿಶ್ರಾಂತಿಯಲ್ಲಿ 12.6 ವೋಲ್ಟಿನ ಆಸುಪಾಸು ಇರಬೇಕು. ಬಳಿಕ ಕೀಲಿ ತಿರುಗಿಸಿ, ಕಾಯಿಲ್‌ಗೆ ವಿದ್ಯುತ್ತು ತಲುಪಿದೆಯೇ ನೋಡಬೇಕು. ಆಮೇಲೆ ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರಿಗೆ ಹೋಗುವ ಸಣ್ಣ ತಂತಿಯ ತುದಿಗೂ ಕಾರಿನ ಮೈಗೂ ನಡುವೆ ಟೆಸ್ಟ್ ಲ್ಯಾಂಪ್ ಹಿಡಿದು ಸೆಲ್ಫ್ ಹೊಡೆಸಬೇಕು. ದೀಪ ಮಿನುಗಿದರೆ ಪಾಯಿಂಟುಗಳು ಕೆಲಸ ಮಾಡುತ್ತಿವೆ. ಒಂದೇ ಸಮನೆ ಉರಿದರೆ ಅವು ಕೂಡುತ್ತಿಲ್ಲ, ಇಲ್ಲವೇ ಕೊಳೆಯಾಗಿವೆ. ಉರಿಯದೇ ಇದ್ದರೆ ಪಾಯಿಂಟುಗಳು ತೆರೆಯುತ್ತಿಲ್ಲ, ಇಲ್ಲವೇ ಕಾಯಿಲ್‌ನ ಒಳಸುತ್ತು ಕಡಿದಿದೆ. ಇಷ್ಟೂ ಸರಿಯಿದ್ದು, ಕಾಯಿಲ್‌ನ ದಪ್ಪ ತಂತಿಯಲ್ಲಿ ಕಿಡಿಯಿದ್ದು ಪ್ಲಗ್ಗಿನಲ್ಲಿ ಇಲ್ಲವಾದರೆ ದೋಷ ಮುಚ್ಚಳ, ರೋಟರ್ ಅಥವಾ ಪ್ಲಗ್ ತಂತಿಗಳಲ್ಲಿದೆ. ಏಪ್ರಿಲ್ ತಿಂಗಳ ಮಳೆಯಲ್ಲಿ ಮುಚ್ಚಳದೊಳಗಿನ ತೇವವೇ ಇದಕ್ಕೆ ಸಾಕು. ಒಣಬಟ್ಟೆಯಿಂದ ಒರೆಸಿದರೆ ಆಗುವ ಕೆಲಸಕ್ಕೆ ಹೊಸ ಕಾಯಿಲ್ ಏಕೆ?

ಈ ಊರಿನದೇ ಇನ್ನೊಂದು ಮಾತಿದೆ. ನೈರೋಬಿ ಸಮುದ್ರಮಟ್ಟದಿಂದ ಸುಮಾರು 1,800 ಮೀಟರ್ ಎತ್ತರದಲ್ಲಿದೆ. ಇಲ್ಲಿಯ ಗಾಳಿ ತೆಳು. ಮೊಂಬಾಸಾದಲ್ಲಿ ಹದಗೊಳಿಸಿದ ಕಾರ್ಬ್ಯುರೇಟರ್ ಇಲ್ಲಿ ಗಾಳಿಗೆ ಮೀರಿದ ಪೆಟ್ರೋಲು ಕೊಡುತ್ತದೆ. ಪ್ಲಗ್ಗಿಗೆ ಕರಿಮಸಿ ಹಿಡಿದು ಎಂಜಿನ್ ತಡವರಿಸಿದಾಗ ಕಿಡಿಯದೇ ತಪ್ಪೆಂದು ತೋರುತ್ತದೆ. ಲಕ್ಷಣ ಒಂದು ಕಡೆ, ಮೂಲ ಇನ್ನೊಂದು ಕಡೆ.

ಪಾಯಿಂಟುಗಳನ್ನೇ ಕಿತ್ತು ಎಲೆಕ್ಟ್ರಾನಿಕ್ ವ್ಯವಸ್ಥೆ ಕೂಡಿಸಿದರೆ ಈ ರಗಳೆಯೇ ಇಲ್ಲವಲ್ಲ ಎಂದು ಕೆಲವರು ಕೇಳಬಹುದು. ಮಾತಿನಲ್ಲಿ ಹುರುಳಿದೆ: ಅದು ಸವೆಯುವುದು ಕಡಿಮೆ, ಕಿಡಿಯ ಕಾಲವೂ ಸ್ಥಿರ. ಆದರೆ ಒಡೆದ ಮುಚ್ಚಳವನ್ನು ಅದು ಸರಿಪಡಿಸದು. ದೂರದ ರಸ್ತೆಯಲ್ಲಿ ಕೆಟ್ಟರೆ ಪಾಯಿಂಟುಗಳನ್ನು ಎಮೆರಿ ಕಾಗದದಿಂದ ಉಜ್ಜಿ, ಅಂತರವನ್ನು 0.4 ಮಿ.ಮೀ. ಆಸುಪಾಸಿಗೆ ತಂದು ಊರು ಸೇರಬಹುದು. ಸತ್ತ ಎಲೆಕ್ಟ್ರಾನಿಕ್ ಪೆಟ್ಟಿಗೆಗೆ ಅಂತಹ ಉಪಚಾರವಿಲ್ಲ. ಅದನ್ನು ಕೂಡಿಸುವವರು ಹಳೆಯ ಪಾಯಿಂಟು, ಕಂಡೆನ್ಸರುಗಳನ್ನು ಡಿಕ್ಕಿಯಲ್ಲಿ ಜೋಪಾನವಾಗಿಡಲಿ.

ವೈದ್ಯರಾಗಿ ಎಚ್ಚರಿಕೆಯ ಮಾತೊಂದನ್ನು ಹೇಳಲೇಬೇಕು. ಕಿಡಿ ನೋಡಲು ತಂತಿಯನ್ನು ಬರಿಗೈಯಲ್ಲಿ ಹಿಡಿಯಬೇಡಿ. ಅದಕ್ಕೆಂದೇ ಇರುವ ಪರೀಕ್ಷಕವನ್ನು ಬಳಸಿ. ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿಕೊಂಡ ಹಿರಿಯರು ಈ ಕೆಲಸದಿಂದ ದೂರವಿರಲಿ. ಸೆಲ್ಫ್ ಹೊಡೆಸುವ ಮುನ್ನ ಗೇರು ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಪೆಟ್ರೋಲಿನ ವಾಸನೆಯಿದ್ದರೆ ಕಿಡಿಯ ಪರೀಕ್ಷೆ ಬೇಡವೇ ಬೇಡ. ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಓಡಿಸಬೇಡಿ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಇಷ್ಟೆಲ್ಲ ಹೇಳಿದ್ದು ಪ್ರತಿಯೊಬ್ಬರೂ ಫುಂಡಿಯಾಗಲೆಂದಲ್ಲ. ಉರಿಬಿಸಿಲಿನಲ್ಲಿ ದುಡಿಯುವ ಜುವಾ ಕಾಲಿ ಕುಶಲಕರ್ಮಿಗಳಲ್ಲಿ ಈ ವಿದ್ಯೆ ಇದೆ. ಆದರೆ ಆತ ಒಂದು ತಾಸು ಪರೀಕ್ಷಿಸಿ, ಸಡಿಲವಾದ ತಂತಿಯೊಂದನ್ನು ಬಿಗಿದು ಕಾರು ಓಡಿಸಿಕೊಟ್ಟರೆ, "ಇಷ್ಟಕ್ಕೇ ಹಣವೇ?" ಎನ್ನುತ್ತೇವೆ. ಅದೇ ನಾಲ್ಕು ಬಿಡಿಭಾಗ ಬದಲಾಯಿಸಿದರೆ ಚಕಾರವೆತ್ತದೆ ಕೊಡುತ್ತೇವೆ. ಔಷಧಿ ಬರೆಯದ ವೈದ್ಯನಿಗೆ ಶುಲ್ಕ ಕೊಡಲು ಹಿಂಜರಿಯುವ ರೋಗಿಯ ಮನೋಭಾವವೇ ಇದು. ಹೀಗೆ ನಾವೇ ಫುಂಡಿಯನ್ನು ಬಿಡಿಭಾಗದ ವ್ಯಾಪಾರಿಯನ್ನಾಗಿ ಮಾಡುತ್ತೇವೆ, ಬಳಿಕ ಆತನನ್ನೇ ದೂರುತ್ತೇವೆ.

ಆದುದರಿಂದ ನಮ್ಮ ಸಲಹೆ ಇಷ್ಟೇ: ಕೆಲಸಕ್ಕೆ ಮುನ್ನವೇ ಪರೀಕ್ಷೆಯ ಕೂಲಿಯನ್ನು ಬೇರೆಯಾಗಿ ಮಾತನಾಡಿಕೊಳ್ಳಿ, ಯಾವ ಭಾಗವೂ ಬದಲಾಗದಿದ್ದರೂ ಅದನ್ನು ಸಂತೋಷದಿಂದ ಕೊಡಿ. ಮಕ್ಕಳನ್ನೂ ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ದೀಪ ಮಿನುಗಿದ್ದರ ಅರ್ಥವೇನೆಂದು ಫುಂಡಿ ಅವರಿಗೆ ತೋರಿಸಿಕೊಡಲಿ.