ಗೊರಕೆ ಹೊಡೆಯುವವರ ಕಣ್ಣು ಹೋಗುತ್ತದೆಯೇ? ಸ್ಲೀಪ್ ಅಪ್ನಿಯಾ ಮತ್ತು ಗ್ಲಾಕೋಮಾ ನಂಟಿನ ನಿಜವೇನು?

ಗೊರಕೆಯ ಬಗ್ಗೆ ವಾಟ್ಸ್‌ಆ್ಯಪ್‌ನಲ್ಲಿ ಎರಡು ಬಗೆಯ ಸಂದೇಶಗಳು ಓಡಾಡುತ್ತವೆ. ಗೊರಕೆ ಎಂದರೆ ಗಾಢ ನಿದ್ದೆಯ ಗುರುತು, ತಲೆ ಕೆಡಿಸಿಕೊಳ್ಳಬೇಡಿ ಎನ್ನುವುದು ಒಂದು. ಗೊರಕೆ ಹೊಡೆಯುವವರಿಗೆ ಕಣ್ಣು ಹೋಗುತ್ತದೆ, ಹೃದಯ ನಿಲ್ಲುತ್ತದೆ ಎಂದು ಹೆದರಿಸುವುದು ಇನ್ನೊಂದು. ಎರಡೂ ತಪ್ಪು. ಆದರೆ ಎರಡನೆಯದರ ಹಿಂದೆ ಒಂದು ಎಳೆಯಷ್ಟು ನಿಜವಿದೆ. ಆ ಎಳೆ ಯಾವುದು, ಅದು ಎಷ್ಟು ಗಟ್ಟಿ, ಅದರಿಂದ ನಾವು ಮಾಡಬೇಕಾದದ್ದೇನು ಎಂದು ನೋಡೋಣ.

ಚುಟುಕಾಗಿ ಹೇಳುವುದಾದರೆ:

• ಬರೀ ಗೊರಕೆಯಿಂದ ಕುರುಡುತನ ಬರುವುದಿಲ್ಲ.
• ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವ ಸ್ಲೀಪ್ ಅಪ್ನಿಯಾ ಇರುವವರಲ್ಲಿ ಗ್ಲಾಕೋಮಾ ಸ್ವಲ್ಪ ಹೆಚ್ಚಾಗಿ ಕಾಣುತ್ತದೆ ಎಂದು ಹಲವು ಅಧ್ಯಯನಗಳು ಹೇಳಿವೆ. ಎಲ್ಲ ಅಧ್ಯಯನಗಳೂ ಹಾಗೆ ಹೇಳಿಲ್ಲ.
• ಅಪ್ನಿಯಾವೇ ಗ್ಲಾಕೋಮಾಕ್ಕೆ ಕಾರಣ ಎಂದು ಸಾಬೀತಾಗಿಲ್ಲ.
• ಆದರೂ ಅಪ್ನಿಯಾ ಇರುವವರು ಒಮ್ಮೆ ಪೂರ್ತಿ ಕಣ್ಣು ಪರೀಕ್ಷೆ ಮಾಡಿಸಿಕೊಳ್ಳುವುದು ಜಾಣತನ. ಏಕೆಂದರೆ ಗ್ಲಾಕೋಮಾದಿಂದ ಹೋದ ದೃಷ್ಟಿ ವಾಪಸ್ ಬರುವುದಿಲ್ಲ.

ಗೊರಕೆ ಬೇರೆ, ಸ್ಲೀಪ್ ಅಪ್ನಿಯಾ ಬೇರೆ

ನಿದ್ದೆ ಬಂದಾಗ ಗಂಟಲಿನ ಸ್ನಾಯುಗಳು ಸಡಿಲವಾಗುತ್ತವೆ. ಇಕ್ಕಟ್ಟಾದ ದಾರಿಯಲ್ಲಿ ಗಾಳಿ ಹಾದುಹೋಗುವಾಗ ಅಲ್ಲಿನ ಮೆತ್ತನೆಯ ಭಾಗಗಳು ಅದುರಿ ಸದ್ದು ಮಾಡುತ್ತವೆ. ಅದೇ ಗೊರಕೆ. ಶೀತವಾದಾಗ, ತುಂಬಾ ದಣಿದಾಗ, ಅಂಗಾತ ಮಲಗಿದಾಗ ಯಾರಿಗೆ ಬೇಕಾದರೂ ಬರಬಹುದು.

ಕೆಲವರಲ್ಲಿ ಆ ದಾರಿ ಇಕ್ಕಟ್ಟಾಗುವುದಷ್ಟೇ ಅಲ್ಲ, ಪೂರ್ತಿ ಮುಚ್ಚಿಕೊಳ್ಳುತ್ತದೆ. ಎದೆ, ಹೊಟ್ಟೆ ಉಸಿರಿಗಾಗಿ ಒದ್ದಾಡುತ್ತವೆ, ಗಾಳಿ ಮಾತ್ರ ಒಳಗೆ ಹೋಗುವುದಿಲ್ಲ. ಹತ್ತು ಸೆಕೆಂಡೋ, ಅರ್ಧ ನಿಮಿಷವೋ ಕಳೆದ ಮೇಲೆ ಮಿದುಳು ಎಚ್ಚರಿಸುತ್ತದೆ. ದೊಡ್ಡ ಗುಟುರು ಹಾಕಿದಂತೆ ಉಸಿರು ಮತ್ತೆ ಶುರುವಾಗುತ್ತದೆ. ಮಲಗಿದವರಿಗೆ ಇದರ ನೆನಪೂ ಇರುವುದಿಲ್ಲ. ಇದು ಅಬ್‌ಸ್ಟ್ರಕ್ಟಿವ್ ಸ್ಲೀಪ್ ಅಪ್ನಿಯಾ.

ಉಸಿರು ಪೂರ್ತಿ ನಿಲ್ಲುವುದು ಅಥವಾ ಅರ್ಧಂಬರ್ಧವಾಗುವುದು ಗಂಟೆಗೆ 5ರಿಂದ 15 ಸಲ ಆದರೆ ಸೌಮ್ಯ, 15ರಿಂದ 30 ಸಲ ಆದರೆ ಮಧ್ಯಮ, 30 ದಾಟಿದರೆ ತೀವ್ರ ಎಂದು ವೈದ್ಯರು ವಿಂಗಡಿಸುತ್ತಾರೆ. ಗಂಟೆಗೆ 30 ಸಲ ಎಂದರೆ ಏಳು ಗಂಟೆ ನಿದ್ದೆಯಲ್ಲಿ 210 ಸಲ! ಪ್ರತಿ ಸಲವೂ ರಕ್ತದಲ್ಲಿ ಆಮ್ಲಜನಕ ಇಳಿಯಬಹುದು, ಬಿ.ಪಿ. ಜಿಗಿಯಬಹುದು.

ಇದು ಅಪರೂಪದ ಕಾಯಿಲೆಯೇನಲ್ಲ. ಭಾರತದಲ್ಲಿ ನಡೆದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ದೆಹಲಿಯ ಏಮ್ಸ್ ವೈದ್ಯರು 2023ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ವಯಸ್ಕರಲ್ಲಿ ಸುಮಾರು ಶೇಕಡಾ 11ರಷ್ಟು ಜನರಿಗೆ ಇದು ಇದೆ. ಅಂದರೆ ಹತ್ತು ಕೋಟಿಗೂ ಹೆಚ್ಚು ಮಂದಿ. ಹೆಚ್ಚಿನವರಿಗೆ ತಮಗೆ ಅಪ್ನಿಯಾ ಇದೆ ಎಂಬುದೇ ಗೊತ್ತಿಲ್ಲ.

ಹಾಗಾಗಿ ಗಮನಿಸಬೇಕಾದದ್ದು ಗೊರಕೆಯ ಸದ್ದನ್ನಲ್ಲ, ಗೊರಕೆಯ ನಡುವೆ ಬರುವ ಮೌನವನ್ನು.

ಗ್ಲಾಕೋಮಾ ಎಂದರೆ ಪೊರೆ ಅಲ್ಲವೇ?

ಅಲ್ಲ. ಇವೆರಡನ್ನೂ ಬಹಳ ಜನ ಒಂದೇ ಎಂದುಕೊಂಡಿದ್ದಾರೆ. ಪೊರೆ ಬಂದರೆ ಕಣ್ಣಿನೊಳಗಿನ ಲೆನ್ಸ್ ಮಸುಕಾಗುತ್ತದೆ. ಆಪರೇಷನ್ ಮಾಡಿ ಹೊಸ ಲೆನ್ಸ್ ಹಾಕಿದರೆ ಸಾಮಾನ್ಯವಾಗಿ ದೃಷ್ಟಿ ಮರಳುತ್ತದೆ. ಗ್ಲಾಕೋಮಾದಲ್ಲಿ ಕೆಡುವುದು ಲೆನ್ಸ್ ಅಲ್ಲ, ಕಣ್ಣಿನಿಂದ ಮಿದುಳಿಗೆ ಚಿತ್ರ ಒಯ್ಯುವ ದೃಷ್ಟಿನರ. ಈ ನರದಲ್ಲಿ ಸುಮಾರು ಹತ್ತು ಲಕ್ಷಕ್ಕೂ ಹೆಚ್ಚು ಎಳೆಗಳಿರುತ್ತವೆ. ಅವು ಒಂದೊಂದಾಗಿ ಸಾಯುತ್ತಾ ಹೋಗುತ್ತವೆ. ಸತ್ತ ಎಳೆಗೆ ಮತ್ತೆ ಜೀವ ಕೊಡುವ ಔಷಧಿ ಇನ್ನೂ ಬಂದಿಲ್ಲ.

ಮೊದಲು ಹೋಗುವುದು ಸಾಮಾನ್ಯವಾಗಿ ಅಕ್ಕಪಕ್ಕದ ನೋಟ. ನೋವಿಲ್ಲ, ಕೆಂಪಿಲ್ಲ. ಎದುರಿನದು ಚೆನ್ನಾಗಿಯೇ ಕಾಣುವುದರಿಂದ ರೋಗಿಗೆ ತಿಳಿಯುವುದೇ ಇಲ್ಲ. ನಮ್ಮ ದೇಶದಲ್ಲಿ 40 ದಾಟಿದವರಲ್ಲಿ ಸುಮಾರು 1.1 ಕೋಟಿ ಜನರಿಗೆ ಗ್ಲಾಕೋಮಾ ಇದೆ ಎಂಬ ಅಂದಾಜಿದೆ. ತಮಿಳುನಾಡಿನ ಹಳ್ಳಿಗಳಲ್ಲಿ ಮನೆಮನೆ ಸಮೀಕ್ಷೆ ನಡೆಸಿದ ಚೆನ್ನೈ ಗ್ಲಾಕೋಮಾ ಅಧ್ಯಯನದಲ್ಲಿ, ಸಾಮಾನ್ಯ ಬಗೆಯ ಗ್ಲಾಕೋಮಾ ಪತ್ತೆಯಾದ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಜನರಿಗೆ ಅದು ತಮಗಿದೆ ಎಂದು ಮೊದಲು ಗೊತ್ತೇ ಇರಲಿಲ್ಲ.

ಕಣ್ಣಿನೊಳಗಿನ ಒತ್ತಡ ಹೆಚ್ಚಾಗುವುದು ಗ್ಲಾಕೋಮಾಕ್ಕೆ ಮುಖ್ಯ ಕಾರಣ. ಸಾಮಾನ್ಯವಾಗಿ 10ರಿಂದ 21 ಮಿಲಿಮೀಟರ್ ಪಾದರಸದಷ್ಟು ಒತ್ತಡವನ್ನು ಸಹಜ ಎನ್ನುತ್ತಾರೆ. ಆದರೆ ಒತ್ತಡ ಸಹಜವಾಗಿದ್ದೂ ನರ ಸೊರಗುವುದುಂಟು. ಇದನ್ನು ನಾರ್ಮಲ್ ಟೆನ್ಷನ್ ಗ್ಲಾಕೋಮಾ ಎನ್ನುತ್ತಾರೆ. ಒತ್ತಡವಲ್ಲದಿದ್ದರೆ ನರವನ್ನು ಕೊಲ್ಲುತ್ತಿರುವುದು ಏನು ಎಂಬ ಪ್ರಶ್ನೆಯೇ ವಿಜ್ಞಾನಿಗಳನ್ನು ನಿದ್ದೆಯ ಕಡೆಗೆ ನೋಡುವಂತೆ ಮಾಡಿತು.

ಗಂಟಲಿಗೂ ಕಣ್ಣಿಗೂ ಏನು ಸಂಬಂಧ?

ದೃಷ್ಟಿನರಕ್ಕೆ ಆಮ್ಲಜನಕದ ಹಸಿವು ಹೆಚ್ಚು. ಅಪ್ನಿಯಾದಲ್ಲಿ ರಾತ್ರಿಯಿಡೀ ಆಮ್ಲಜನಕ ಇಳಿಯುತ್ತದೆ, ಏರುತ್ತದೆ, ಮತ್ತೆ ಇಳಿಯುತ್ತದೆ. ಜೊತೆಗೆ ಬಿ.ಪಿ. ಏರಿಳಿತ. ಕಾಲಕ್ರಮೇಣ ರಕ್ತನಾಳಗಳ ಒಳಗೋಡೆ ಹಾಳಾಗಿ, ಅಗತ್ಯಕ್ಕೆ ತಕ್ಕಂತೆ ಹಿಗ್ಗುವ ಕುಗ್ಗುವ ಗುಣ ಕಡಿಮೆಯಾಗುತ್ತದೆ. ನರಕ್ಕೆ ರಕ್ತ ಸಾಲದೆ ಬರುತ್ತದೆ. ಇದು ಒಂದು ವಿವರಣೆ.

ಇನ್ನೊಂದು ವಿವರಣೆ ಒತ್ತಡದ್ದು. ಮಲಗಿದಾಗ ಎಲ್ಲರ ಕಣ್ಣಿನ ಒತ್ತಡವೂ ಸ್ವಲ್ಪ ಏರುತ್ತದೆ. ಉಸಿರು ಕಟ್ಟಿದಾಗ ಅದು ಇನ್ನೂ ಏರಿ ನರವನ್ನು ಒತ್ತುತ್ತದೆ ಎಂದು ಹಲವರು ಊಹಿಸಿದ್ದರು. ಜಪಾನಿನ ಹೊಕ್ಕೈಡೊ ವಿಶ್ವವಿದ್ಯಾಲಯದ ಸಂಶೋಧಕರು ಸೆನ್ಸರ್ ಇರುವ ಕಾಂಟ್ಯಾಕ್ಟ್ ಲೆನ್ಸ್ ಹಾಕಿ, ಮಲಗಿದವರ ಕಣ್ಣಿನ ಒತ್ತಡವನ್ನು ರಾತ್ರಿಯಿಡೀ ಅಳೆದರು. 2016ರಲ್ಲಿ ಪ್ರಕಟವಾದ ಫಲಿತಾಂಶ ಊಹೆಗೆ ವಿರುದ್ಧವಾಗಿತ್ತು. ಉಸಿರು ನಿಂತ ಹೊತ್ತಿನಲ್ಲಿ ಕಣ್ಣಿನ ಒತ್ತಡ ಏರುವ ಬದಲು ಇಳಿದಿತ್ತು! ಮುಚ್ಚಿದ ಗಂಟಲಿನ ವಿರುದ್ಧ ಉಸಿರೆಳೆಯಲು ಯತ್ನಿಸುವಾಗ ಎದೆಯೊಳಗಿನ ಒತ್ತಡ ಕುಸಿಯುತ್ತದೆ, ತಲೆಯ ಕಡೆಯ ರಕ್ತ ಎದೆಯತ್ತ ಸೆಳೆಯಲ್ಪಡುತ್ತದೆ. ಅದಕ್ಕೇ ಹೀಗಾಗುತ್ತದೆ ಎಂದು ಅವರು ವಿವರಿಸಿದರು. ಪರೀಕ್ಷೆಗೊಳಪಟ್ಟವರು ಬೆರಳೆಣಿಕೆಯಷ್ಟು ಜನ, ಹಾಗಾಗಿ ಇದೇ ಕೊನೆಯ ಮಾತಲ್ಲ. ಆದರೆ ನರ ಹಾಳಾಗಲು ಒತ್ತಡವೇ ಏರಬೇಕೆಂದಿಲ್ಲ, ಆಮ್ಲಜನಕದ ಕೊರತೆಯೂ ಸಾಕಾಗಬಹುದು ಎಂಬ ಸುಳಿವು ಇದರಿಂದ ಸಿಕ್ಕಿತು.

ಅಧ್ಯಯನಗಳು ಏನು ಹೇಳುತ್ತವೆ?

ಸ್ವಿಟ್ಜರ್ಲೆಂಡ್‌ನಲ್ಲಿ 69 ಅಪ್ನಿಯಾ ರೋಗಿಗಳ ಕಣ್ಣು ಪರೀಕ್ಷಿಸಿದಾಗ 5 ಮಂದಿಗೆ, ಅಂದರೆ ಸುಮಾರು ಶೇಕಡಾ 7ರಷ್ಟು ಜನರಿಗೆ ಗ್ಲಾಕೋಮಾ ಇತ್ತು. 1999ರಲ್ಲಿ ಬಂದ ಈ ವರದಿ ಜಗತ್ತಿನ ಗಮನ ಸೆಳೆಯಿತು. ತೈವಾನ್‌ನಲ್ಲಿ ಆರೋಗ್ಯ ವಿಮೆಯ ದಾಖಲೆಗಳನ್ನು ಆಧರಿಸಿದ 2013ರ ಅಧ್ಯಯನ, ಅಪ್ನಿಯಾ ಪತ್ತೆಯಾದವರಲ್ಲಿ ಮುಂದಿನ ಐದು ವರ್ಷಗಳಲ್ಲಿ ಗ್ಲಾಕೋಮಾ ಬರುವ ಸಂಭವ ಉಳಿದವರಿಗಿಂತ 1.67 ಪಟ್ಟು ಎಂದಿತು.

ಇಂಥ ಸಂಖ್ಯೆಗಳು ಫಾರ್ವರ್ಡ್ ಆಗುವಾಗಲೇ ಎಡವಟ್ಟಾಗುವುದು. 1.67 ಪಟ್ಟು ಎಂದರೆ "ಅಪ್ನಿಯಾ ಇರುವ ನೂರರಲ್ಲಿ 67 ಜನರಿಗೆ ಗ್ಲಾಕೋಮಾ" ಎಂದಲ್ಲ. ಉದಾಹರಣೆಗೆ, ಅಪ್ನಿಯಾ ಇಲ್ಲದ ಸಾವಿರ ಜನರಲ್ಲಿ 10 ಮಂದಿಗೆ ಗ್ಲಾಕೋಮಾ ಬರುತ್ತದೆ ಎಂದು ಇಟ್ಟುಕೊಳ್ಳಿ. ಅಪ್ನಿಯಾ ಇರುವ ಸಾವಿರ ಜನರಲ್ಲಿ ಅದು 17 ಆಗಬಹುದು ಎಂದಷ್ಟೇ ಅರ್ಥ. ಉಳಿದ 983 ಜನರಿಗೆ ಬರುವುದಿಲ್ಲ.

ಬೇರೆ ಮಾತು ಹೇಳಿದ ಅಧ್ಯಯನಗಳೂ ಇವೆ. ಅಮೆರಿಕದಲ್ಲಿ 22 ಲಕ್ಷಕ್ಕೂ ಹೆಚ್ಚು ಜನರ ವಿಮೆ ದಾಖಲೆಗಳನ್ನು ನೋಡಿದ 2011ರ ಅಧ್ಯಯನ, ವಯಸ್ಸು ಮತ್ತು ಇತರ ಕಾಯಿಲೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ಅಪ್ನಿಯಾ ಇರುವವರಲ್ಲಿ ಗ್ಲಾಕೋಮಾ ಹೆಚ್ಚಿಲ್ಲ ಎಂದಿತು. ಆದರೆ ಅದೇ ಅಧ್ಯಯನ ಇನ್ನೊಂದು ವಿಷಯ ತೋರಿಸಿತು. ದೃಷ್ಟಿನರಕ್ಕೆ ರಕ್ತ ಕಡಿಮೆಯಾಗಿ ದಿಢೀರನೆ ಒಂದು ಕಣ್ಣಿನ ನೋಟ ಕುಂದುವ ಬೇರೊಂದು ಕಾಯಿಲೆ, ಅಪ್ನಿಯಾಕ್ಕೆ ಚಿಕಿತ್ಸೆ ಪಡೆಯದವರಲ್ಲಿ ಶೇಕಡಾ 16ರಷ್ಟು ಹೆಚ್ಚು ಕಂಡುಬಂದಿತ್ತು.

ಉತ್ತರಗಳು ಹೀಗೆ ಬೇರೆ ಬೇರೆಯಾಗಲು ಕಾರಣವಿದೆ. ವಯಸ್ಸು, ಬೊಜ್ಜು, ಶುಗರ್, ಬಿ.ಪಿ. ಇರುವವರಲ್ಲಿ ಅಪ್ನಿಯಾ ಹೆಚ್ಚು. ಇವುಗಳಲ್ಲಿ ಕೆಲವು ಕಣ್ಣಿಗೂ ತೊಂದರೆ ಕೊಡುತ್ತವೆ. ಇದಲ್ಲದೆ ಆಸ್ಪತ್ರೆಗೆ ಪದೇ ಪದೇ ಹೋಗುವವರಲ್ಲಿ ಯಾವ ಕಾಯಿಲೆಯಾದರೂ ಬೇಗ ಪತ್ತೆಯಾಗುತ್ತದೆ. ಎರಡು ಕಾಯಿಲೆ ಜೊತೆಯಲ್ಲಿ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಎನ್ನಲಾಗದು.

ಸಿಪ್ಯಾಪ್ ಯಂತ್ರ ಕಣ್ಣಿಗೆ ಕೆಟ್ಟದ್ದೇ?

ಅಪ್ನಿಯಾಕ್ಕೆ ಹೆಚ್ಚಾಗಿ ಕೊಡುವ ಚಿಕಿತ್ಸೆ ಸಿಪ್ಯಾಪ್. ಮಾಸ್ಕ್ ಮೂಲಕ ಹದವಾದ ಒತ್ತಡದಲ್ಲಿ ಗಾಳಿ ಊದಿ ಗಂಟಲು ಮುಚ್ಚಿಕೊಳ್ಳದಂತೆ ನೋಡಿಕೊಳ್ಳುವ ಈ ಯಂತ್ರವನ್ನು ಆಸ್ಟ್ರೇಲಿಯಾದ ವೈದ್ಯ ಕಾಲಿನ್ ಸಲಿವನ್ ಮತ್ತು ಸಂಗಡಿಗರು 1981ರಲ್ಲಿ ಪರಿಚಯಿಸಿದರು.

ಬೆಲ್ಜಿಯಂನಲ್ಲಿ 21 ರೋಗಿಗಳ ಮೇಲೆ ನಡೆದ 2008ರ ಅಧ್ಯಯನದಲ್ಲಿ, ಸಿಪ್ಯಾಪ್ ಬಳಸುವಾಗ ರಾತ್ರಿ ಕಣ್ಣಿನ ಒತ್ತಡ ಸ್ವಲ್ಪ ಏರಿದ್ದು ಕಂಡಿತ್ತು. ಇದನ್ನೇ ಹಿಡಿದು "ಸಿಪ್ಯಾಪ್ ಹಾಕಿದರೆ ಕಣ್ಣು ಹೋಗುತ್ತದೆ" ಎನ್ನುವುದು ಅಪಾಯಕಾರಿ ಮಾತು. ತೀವ್ರ ಅಪ್ನಿಯಾವನ್ನು ಹಾಗೇ ಬಿಟ್ಟರೆ ಬಿ.ಪಿ., ಹೃದಯದ ತೊಂದರೆ, ಪಾರ್ಶ್ವವಾಯು, ಗಾಡಿ ಓಡಿಸುವಾಗ ತೂಕಡಿಸಿ ಅಪಘಾತ, ಇವೆಲ್ಲದರ ಅಪಾಯ ಹೆಚ್ಚು. ಯಂತ್ರ ನಿಲ್ಲಿಸಬೇಡಿ. ಗ್ಲಾಕೋಮಾ ಇದ್ದವರು ಸಿಪ್ಯಾಪ್ ಶುರುಮಾಡಿದರೆ ಕಣ್ಣಿನ ವೈದ್ಯರಿಗೆ ತಿಳಿಸಿ. ಅವರು ಒತ್ತಡದ ಮೇಲೆ ಕಣ್ಣಿಟ್ಟಿರುತ್ತಾರೆ. ಮಾಸ್ಕ್ ಸಡಿಲವಾಗಿದ್ದರೆ ಗಾಳಿ ಕಣ್ಣಿಗೆ ಬಡಿದು ಕಣ್ಣು ಒಣಗಿ ಉರಿಯುತ್ತದೆ. ಅದನ್ನು ಸರಿಪಡಿಸಿಕೊಂಡರೆ ಸಾಕು.

ಯಾರು ಪರೀಕ್ಷೆ ಮಾಡಿಸಿಕೊಳ್ಳಬೇಕು?

ನಿದ್ದೆಯ ಪರೀಕ್ಷೆ ಬೇಕಾಗಬಹುದಾದವರು: ಜೋರು ಗೊರಕೆಯ ನಡುವೆ ಉಸಿರು ನಿಲ್ಲುವುದನ್ನು ಮನೆಯವರು ಕಂಡಿದ್ದರೆ, ಉಸಿರುಗಟ್ಟಿ ಎಚ್ಚರವಾಗುತ್ತಿದ್ದರೆ, ಎಂಟು ಗಂಟೆ ಮಲಗಿದರೂ ಬೆಳಿಗ್ಗೆ ತಲೆನೋವು, ಹಗಲು ತೂಕಡಿಕೆ ಇದ್ದರೆ, ಮಾತ್ರೆ ನುಂಗಿದರೂ ಬಿ.ಪಿ. ಹತೋಟಿಗೆ ಬರದಿದ್ದರೆ. ದಪ್ಪಗಿದ್ದವರಿಗೆ ಮಾತ್ರ ಇದು ಬರುತ್ತದೆ ಎಂಬುದೂ ತಪ್ಪು. ಸಣ್ಣ ದವಡೆ, ಇಕ್ಕಟ್ಟಾದ ಗಂಟಲು ಇರುವ ತೆಳ್ಳಗಿನವರಿಗೂ ಬರಬಹುದು. ಕಿವಿ-ಮೂಗು-ಗಂಟಲು ತಜ್ಞರು ಅಥವಾ ಶ್ವಾಸಕೋಶ ತಜ್ಞರು ಸ್ಲೀಪ್ ಸ್ಟಡಿ ಬರೆದುಕೊಡುತ್ತಾರೆ.

ಕಣ್ಣಿನ ಪರೀಕ್ಷೆ ಬೇಕಾದವರು: ಅಪ್ನಿಯಾ ಪತ್ತೆಯಾದವರು, 40 ದಾಟಿದವರು, ಅಪ್ಪ, ಅಮ್ಮ, ಅಣ್ಣ, ತಂಗಿ ಹೀಗೆ ಹತ್ತಿರದ ರಕ್ತಸಂಬಂಧಿಗಳಲ್ಲಿ ಗ್ಲಾಕೋಮಾ ಇರುವವರು, ಹೆಚ್ಚು ಮೈನಸ್ ಪವರ್ ಕನ್ನಡಕ ಹಾಕುವವರು, ಸ್ಟಿರಾಯ್ಡ್ ಔಷಧಿ ಬಹುಕಾಲ ಬಳಸಿದವರು.

ಇಲ್ಲಿ ಒಂದು ಮಾತು ಮುಖ್ಯ. ಕನ್ನಡಕದ ಅಂಗಡಿಯಲ್ಲಿ ನಂಬರ್ ನೋಡಿಸಿಕೊಂಡರೆ ಗ್ಲಾಕೋಮಾ ಪರೀಕ್ಷೆ ಆದಂತಲ್ಲ. ಬರೀ ಒತ್ತಡ ಅಳೆದು "ನಾರ್ಮಲ್" ಎಂದರೂ ಸಾಲದು. ಅಪ್ನಿಯಾ ಇರುವವರಲ್ಲಿ ಒತ್ತಡ ಸಹಜವಾಗಿದ್ದೂ ನರ ಸೊರಗಿರಬಹುದು. ಹಾಗಾಗಿ "ನನಗೆ ಸ್ಲೀಪ್ ಅಪ್ನಿಯಾ ಇದೆ, ಕಣ್ಣಿನ ನರವನ್ನೂ ನೋಡಿ ಡಾಕ್ಟ್ರೇ" ಎಂದು ಬಾಯಿಬಿಟ್ಟು ಹೇಳಿ. ನರದಲ್ಲಿ ಅನುಮಾನ ಕಂಡರೆ ಅವರು ಫೀಲ್ಡ್ ಟೆಸ್ಟ್, ಓಸಿಟಿ ಸ್ಕ್ಯಾನ್ ಮಾಡಿಸುತ್ತಾರೆ.

ಫಾರ್ವರ್ಡ್‌ನಲ್ಲಿ ಬರುವ ಪರಿಹಾರಗಳು

"ಮಲಗುವಾಗ ಬಾಯಿಗೆ ಟೇಪ್ ಅಂಟಿಸಿ": ಅಪ್ನಿಯಾ ಇರುವವರಿಗೆ, ಮೂಗು ಕಟ್ಟಿದವರಿಗೆ ಇದು ಅಪಾಯ. ಗಂಟಲು ಮುಚ್ಚಿಕೊಳ್ಳುವುದನ್ನು ಟೇಪ್ ತಡೆಯುವುದಿಲ್ಲ, ಇರುವ ಇನ್ನೊಂದು ದಾರಿಯನ್ನೂ ಮುಚ್ಚಬಹುದು.

"ಕಣ್ಣಿಗೆ ಜೇನು, ಈರುಳ್ಳಿ ರಸ ಬಿಟ್ಟರೆ ಗ್ಲಾಕೋಮಾ ವಾಸಿ": ಇಲ್ಲ. ಸೋಂಕು, ಸುಟ್ಟಗಾಯ ಆಗಬಹುದು.

"ಶೀರ್ಷಾಸನ ಮಾಡಿದರೆ ಕಣ್ಣಿಗೆ ರಕ್ತ ಹರಿದು ಒಳ್ಳೆಯದು": ಶೀರ್ಷಾಸನದಲ್ಲಿ ಕಣ್ಣಿನ ಒತ್ತಡ ಸುಮಾರು ಎರಡು ಪಟ್ಟಾಗುತ್ತದೆ ಎಂದು 2006ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಗ್ಲಾಕೋಮಾ ಇರುವವರು ತಲೆಕೆಳಗಾಗುವ ಆಸನ ಮಾಡಬಾರದು. ನಡಿಗೆಗೆ ಅಡ್ಡಿಯಿಲ್ಲ.

ನಿಜಕ್ಕೂ ನೆರವಾಗುವುದು: ತೂಕ ಇಳಿಸುವುದು, ಮಲಗುವ ಮುನ್ನ ಮದ್ಯ ಬಿಡುವುದು, ಅಂಗಾತದ ಬದಲು ಮಗ್ಗುಲಾಗಿ ಮಲಗುವುದು. ಮಗ್ಗುಲಾಗುವಾಗ ಕಣ್ಣನ್ನು ದಿಂಬಿಗೆ ಒತ್ತಿಕೊಳ್ಳಬೇಡಿ. ಗ್ಲಾಕೋಮಾಕ್ಕೆ ಡ್ರಾಪ್ಸ್ ಕೊಟ್ಟಿದ್ದರೆ ಒಂದು ದಿನವೂ ತಪ್ಪಿಸದೆ ಹಾಕಿಕೊಳ್ಳುವುದು ಎಲ್ಲಕ್ಕಿಂತ ಮುಖ್ಯ. ಹಾಕಿದರೂ ನೋಟ ಹೆಚ್ಚಾಗಲಿಲ್ಲ ಎಂದು ಹಲವರು ಅರ್ಧಕ್ಕೆ ಬಿಟ್ಟುಬಿಡುತ್ತಾರೆ. ಡ್ರಾಪ್ಸ್ ಇರುವುದು ನೋಟ ಹೆಚ್ಚಿಸಲು ಅಲ್ಲ, ಉಳಿದದ್ದನ್ನು ಉಳಿಸಿಕೊಳ್ಳಲು.

ಹಾಗಾದರೆ ಏನನ್ನು ಫಾರ್ವರ್ಡ್ ಮಾಡಬೇಕು?

"ಗೊರಕೆ ಹೊಡೆದರೆ ಕಣ್ಣು ಹೋಗುತ್ತದೆ" ಎಂಬ ಸಂದೇಶ ಬಂದರೆ ಅಲ್ಲೇ ಬಿಟ್ಟುಬಿಡಿ. ಅದರ ಬದಲು ಇಷ್ಟು ಹೇಳಿ: ನಿದ್ದೆಯಲ್ಲಿ ಉಸಿರು ನಿಲ್ಲುವುದು ಮಲಗಿದವರಿಗೆ ಗೊತ್ತಾಗುವುದಿಲ್ಲ, ಗ್ಲಾಕೋಮಾ ಶುರುವಾದದ್ದು ಕಣ್ಣಿರುವವರಿಗೇ ಗೊತ್ತಾಗುವುದಿಲ್ಲ. ಮೊದಲನೆಯದನ್ನು ಪಕ್ಕದಲ್ಲಿ ಮಲಗಿದವರು ಗಮನಿಸಬೇಕು, ಎರಡನೆಯದನ್ನು ವೈದ್ಯರು ನೋಡಬೇಕು. ಮನೆಯಲ್ಲಿ ಯಾರಾದರೂ ಗೊರಕೆಯ ನಡುವೆ ಉಸಿರು ನಿಲ್ಲಿಸುತ್ತಿದ್ದರೆ ಒಂದು ನಿಮಿಷದ ವಿಡಿಯೋ ಮಾಡಿ. ಅದನ್ನು ಗ್ರೂಪಿಗೆ ಹಾಕಬೇಡಿ, ಡಾಕ್ಟರಿಗೆ ತೋರಿಸಿ.