ಮೂಳೆ ಕೂಡಿತು, ಕೀಲಿನ ಗತಿಯೇನು?

ಚೆನ್ನೈನಲ್ಲಿ ಓಡಾಡುವಾಗ ‘ಪುತ್ತೂರು ಕಟ್ಟು’ ಎಂಬ ಫಲಕ ಆಗಾಗ ಕಣ್ಣಿಗೆ ಬೀಳುತ್ತದೆ. ದಕ್ಷಿಣ ಕನ್ನಡದ ಗೆಳೆಯರು ಊರಿನ ಹೆಸರು ಕಂಡು ಹಿಗ್ಗುವುದುಂಟು. ಅದು ನಮ್ಮ ಪುತ್ತೂರಲ್ಲ. ತಿರುಪತಿ ಸೀಮೆಯ, ಆಂಧ್ರದ ಪುತ್ತೂರು. ಮುರಿದ ಮೂಳೆಗೆ ಸೊಪ್ಪಿನ ಲೇಪ ಹಚ್ಚಿ, ಬಿದಿರಿನ ದಬ್ಬೆ ಇಟ್ಟು ಕಟ್ಟುವುದಕ್ಕೆ ಹೆಸರಾದ ಊರು.

ಕಟ್ಟು ಅಲ್ಲಿನದಾಗಲಿ, ಆಸ್ಪತ್ರೆಯದಾಗಲಿ, ಬಿಚ್ಚಿದ ಮೇಲೆ ಕೇಳುವ ಪ್ರಶ್ನೆ ಒಂದೇ. ನಮ್ಮ ಅಪಾರ್ಟ್‌ಮೆಂಟಿನ ಹಾಸನದ ಆಂಟಿ ಕಳೆದ ವರ್ಷ ಮೆಟ್ಟಿಲು ಜಾರಿ, ಪಾದದ ಕೀಲಿನ ಹತ್ತಿರ ಮೂಳೆ ಮುರಿದುಕೊಂಡರು. ಎಕ್ಸ್‌ರೇಯಲ್ಲಿ ಈಗ ಮೂಳೆ ಕೂಡಿದೆ. ಆದರೂ ಸಂಜೆಯಾದರೆ ಊತ. “ಮೂಳೆ ಕೂಡಿದ ಮೇಲೆ ಇನ್ನೇನಪ್ಪಾ ನೋವು?” ಎಂದು ಕೇಳಿದರು.

ಕೀಲಿನೊಳಗೆ ಮೂಳೆಯ ತುದಿಗೆ ಕಾರ್ಟಿಲೇಜ್, ಅಂದರೆ ಮೃದ್ವಸ್ಥಿಯ ನುಣುಪಾದ ಹೊದಿಕೆ ಇದೆ. ದಪ್ಪ ಕೆಲವೇ ಮಿಲಿಮೀಟರ್. ಅದಕ್ಕೆ ರಕ್ತನಾಳವಿಲ್ಲ, ನರವೂ ಇಲ್ಲ. ಕೀಲಿನ ದ್ರವವೇ ಮುಖ್ಯ ಆಹಾರ. ರಕ್ತ ಹರಿಯುವ ಮೂಳೆ ಕೂಡಿಕೊಳ್ಳುತ್ತದೆ. ಮೃದ್ವಸ್ಥಿಗೆ ಆ ಭಾಗ್ಯವಿಲ್ಲ.

ಬಿರುಕು ಕೀಲಿನೊಳಗೆ ಹೋದರೆ ಪೆಟ್ಟಿಗೇ ಕೆಲವು ಜೀವಕೋಶಗಳು ಸಾಯುತ್ತವೆ. ಮೇಲೆ ರಕ್ತ ಸೋರಿ ಉರಿಯೂತ ಏಳುತ್ತದೆ. ಇಂಟರ್‌ಲ್ಯೂಕಿನ್-1ರಂಥ ಪ್ರೋಟೀನುಗಳು ಹೆಚ್ಚಿ, ಅವು ಕೆರಳಿಸಿದ ಕಿಣ್ವಗಳು ಮೃದ್ವಸ್ಥಿಯ ಕೊಲ್ಲಾಜೆನ್ ಹೆಣಿಗೆಯನ್ನೇ ಕತ್ತರಿಸುತ್ತವೆ. ನರವಿಲ್ಲದ್ದರಿಂದ ಸವೆತ ಮೊದಲಿಗೆ ಗೊತ್ತಾಗುವುದಿಲ್ಲ. ಎಕ್ಸ್‌ರೇಯಲ್ಲಿ ಮೃದ್ವಸ್ಥಿ ಕಾಣುವುದೂ ಇಲ್ಲ. ಎಷ್ಟೋ ಸಲ ವರ್ಷಗಳ ನಂತರ ಸಂಧಿವಾತವಾಗಿ ಹೊರಬೀಳುತ್ತದೆ. ಅಮೆರಿಕದಲ್ಲಿ 2006ರಲ್ಲಿ ಪ್ರಕಟವಾದ ಒಂದು ಅಂದಾಜಿನಂತೆ, ನೋವು ಕೊಡುವ ಸವೆತದ ಸಂಧಿವಾತದಲ್ಲಿ ಸುಮಾರು ಶೇ. 12ರಷ್ಟು ಸೊಂಟ, ಮಂಡಿ, ಪಾದದ ಕೀಲುಗಳಿಗೆ ಹಿಂದೆಂದೋ ಬಿದ್ದ ಪೆಟ್ಟಿನ ಫಲ.

ಆದ್ದರಿಂದ ಮೂಳೆ ಮುರಿದ ದಿನವೇ ಕೇಳಿ: ಬಿರುಕು ಕೀಲಿನೊಳಗೆ ಹೋಗಿದೆಯೇ? ಕೈಯಿಂದ ಮುಟ್ಟಿ ಇದನ್ನು ಹೇಳಲಾಗದು. ಎಕ್ಸ್‌ರೇ ಬೇಕು, ಕೆಲವೊಮ್ಮೆ ಸಿಟಿ ಸ್ಕ್ಯಾನ್. ಹೋಗಿದ್ದರೆ ಕೀಲಿನ ಮೇಲ್ಮೈ ಸಮವಾಗಿ ಕೂಡಬೇಕು. ಏರುತಗ್ಗು ಉಳಿದರೆ ಭಾರವೆಲ್ಲ ಒಂದೇ ಕಡೆ ಬೀಳುತ್ತದೆ.

ಈ ಸವೆತವನ್ನು ಖಚಿತವಾಗಿ ತಡೆಯುವ ಮಾತ್ರೆ ಇನ್ನೂ ಇಲ್ಲ. ನಮ್ಮ ಕೈಯಲ್ಲಿರುವುದು ವೈದ್ಯರು ಹೇಳಿದ ದಿನದಿಂದಲೇ ವ್ಯಾಯಾಮ, ತೂಕದ ಹತೋಟಿ. ಕಟ್ಟು ಬಿಚ್ಚಿ ತಿಂಗಳುಗಳಾದರೂ ಊತ ಇಳಿಯದಿದ್ದರೆ ಎಣ್ಣೆ ತಿಕ್ಕುತ್ತ ಕೂರದೆ ಮತ್ತೆ ತೋರಿಸಿ. ಜತೆಗೆ ಜ್ವರವೋ ಕೆಂಪೋ ಇದ್ದರೆ ಅಂದೇ ಹೋಗಿ.