ಗೌಡಕಿ ಹೋದರೂ ವತನ ಹೋಗಲಿಲ್ಲ

ಅಣ್ಣಿಗೇರಿ ತಾಲೂಕಿನ ಒಂದು ಗ್ರಾಮದಲ್ಲಿ ಶ್ರಾವಣಮಾಸದ ಪುರಾಣ ಪ್ರವಚನ ಮಂಗಲಗೊಂಡ ರಾತ್ರಿ. ಪ್ರಸಾದ ಸ್ವೀಕರಿಸಿ ಮಠದ ಕಟ್ಟೆಯ ಮೇಲೆ ಕುಳಿತಿದ್ದಾಗ, ಎಂಬತ್ತು ದಾಟಿದ ಹಿರಿಯರೊಬ್ಬರು ನನ್ನ ಬಳಿಗೆ ಸರಿದು ಕೇಳಿದರು: "ಶಾಸ್ತ್ರಿಗಳ, ಅಜ್ಜ ಮುಖ್ಯಮಂತ್ರಿ, ಅಪ್ಪ ಮುಖ್ಯಮಂತ್ರಿ. ಮೊಮ್ಮಗ ಶಿಗ್ಗಾವಿಯೊಳಗ ಹೆಂಗ ಸೋತಾರ್ರಿ? ಮಂದಿ ಶಾಣ್ಯಾ ಆದ್ರೇನು?"

ಪುರಾಣದಲ್ಲಿ ನಾನು ಹೇಳಿದ ಯಾವ ಮಾತಿಗೂ ಅವರು ಇಷ್ಟು ಆಸಕ್ತಿ ತೋರಿರಲಿಲ್ಲ ಎಂಬುದು ಬೇರೆ ಸಂಗತಿ. ಪ್ರಶ್ನೆಯಾದರೋ ವಿಚಾರಾರ್ಹವಾದುದು.

ನಮ್ಮ ಸೀಮೆಯ ಹಿರಿಯರಿಗೆ ವತನವೆಂದರೇನೆಂದು ವಿವರಿಸಬೇಕಾಗಿಲ್ಲ; ಕಿರಿಯರಿಗೆ ಹೇಳಬೇಕು. ಧಾರವಾಡ ಜಿಲ್ಲೆಯು ಮುಂಬೈ ಆಡಳಿತಕ್ಕೆ ಸೇರಿದ್ದ ಕಾಲದಲ್ಲಿ ಊರ ಗೌಡಕಿ, ಕುಲಕರ್ಣಿಕೆಗಳು ಮನೆತನದ ಸೊತ್ತಾಗಿದ್ದವು. 1874ರ ವತನ ಕಾಯಿದೆಯು ಇದಕ್ಕೆ ಶಾಸನದ ಬಲವನ್ನೂ ಕೊಟ್ಟಿತ್ತು. ಗೌಡನ ಮಗ ಓದು ಬಲ್ಲನೋ ಇಲ್ಲವೋ, ಗೌಡನೇ. ಏಕೀಕರಣದ ತರುವಾಯ ನಮ್ಮ ರಾಜ್ಯವು 1961ರಲ್ಲಿ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯಿದೆಯನ್ನು ಮಾಡಿತು. 1963ರಲ್ಲಿ ಅದು ಜಾರಿಗೆ ಬಂದು ಆ ವಂಶಾಧಿಕಾರವು ಕೊನೆಗೊಂಡಿತು. ವತನದಾರನ ಸ್ಥಾನಕ್ಕೆ ಸಂಬಳದ ತಲಾಠಿ ಬಂದನು. ನನ್ನನ್ನು ಪ್ರಶ್ನಿಸಿದ ಹಿರಿಯರು ಆಗ ಹದಿಹರೆಯದವರು. ಗೌಡಕಿ ಹೋದುದನ್ನು ಕಣ್ಣಾರೆ ಕಂಡವರು.

ಇನ್ನು ಶಿಗ್ಗಾವಿಯ ವಿಷಯ. ಈಗ ಹಾವೇರಿಗೆ ಸೇರಿದ್ದರೂ 1997ರವರೆಗೆ ಅದು ನಮ್ಮ ಜಿಲ್ಲೆಯದೇ. ಎಸ್.ಆರ್. ಬೊಮ್ಮಾಯಿಯವರು ಯಾರ ಪುತ್ರರೆಂದು ಗೆದ್ದವರಲ್ಲ. ಹುಬ್ಬಳ್ಳಿ ಗ್ರಾಮೀಣ ಕ್ಷೇತ್ರದಿಂದ ಶಾಸಕರಾಗಿ, 1988ರಲ್ಲಿ ಮುಖ್ಯಮಂತ್ರಿಗಳಾಗಿ, 1989ರ ಏಪ್ರಿಲ್‌ನಲ್ಲಿ ಸದನದ ಬಲಪರೀಕ್ಷೆಗೆ ಅವಕಾಶವೇ ಇಲ್ಲದೆ ವಜಾಗೊಂಡರು. ಅವರು ಹೂಡಿದ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು 1994ರ ಮಾರ್ಚ್ 11ರಂದು ನೀಡಿದ ತೀರ್ಪು ಇಂದಿಗೂ ರಾಜ್ಯ ಸರಕಾರಗಳಿಗೆ ಅಭಯಹಸ್ತವಾಗಿದೆ. ಸರಕಾರದ ಬಹುಮತವು ರಾಜಭವನದಲ್ಲಲ್ಲ, ಸದನದಲ್ಲಿ ನಿರ್ಣಯವಾಗಬೇಕೆಂಬುದು ಅದರ ತಿರುಳು. ಅದೇ ವರ್ಷದ ಚುನಾವಣೆಯಲ್ಲಿ ಹುಬ್ಬಳ್ಳಿ ಗ್ರಾಮೀಣದಿಂದ ನಿಂತ ಪುತ್ರ ಬಸವರಾಜ ಬೊಮ್ಮಾಯಿಯವರು ಜಗದೀಶ ಶೆಟ್ಟರ ಅವರೆದುರು ಸೋತರು. ತಂದೆಯ ಕೀರ್ತಿ ಉತ್ತುಂಗದಲ್ಲಿದ್ದಾಗಲೇ ಮತದಾರನು ಮಗನಿಗೆ ಕಾಯಲು ಹೇಳಿದನು. ಅವರು ಕಾದರು, ವಿಧಾನ ಪರಿಷತ್ತಿನಲ್ಲಿ ಪಳಗಿದರು, 2008ರಿಂದ ಶಿಗ್ಗಾವಿಯಲ್ಲಿ ಮೂರು ಬಾರಿ ಗೆದ್ದು 2021ರಲ್ಲಿ ಮುಖ್ಯಮಂತ್ರಿಗಳಾದರು. ಹಾಗೆ ಕಾದು ಪಳಗಿದವರನ್ನು ಬರೀ ವತನದಾರರೆಂದು ಕರೆಯುವುದು ನ್ಯಾಯವಲ್ಲವೆಂದೇ ನನ್ನ ಭಾವನೆ.

2024ರಲ್ಲಿ ಅವರು ಲೋಕಸಭೆಗೆ ಹೋದರು. ತೆರವಾದ ಸ್ಥಾನಕ್ಕೆ ಭಾಜಪದ ಟಿಕೆಟ್ಟು ಅವರ ಪುತ್ರ ಭರತ ಬೊಮ್ಮಾಯಿಯವರಿಗೆ ಬಂದಿತು. ನವೆಂಬರಿನ ಉಪಚುನಾವಣೆಯಲ್ಲಿ ಯಾಸೀರ ಅಹ್ಮದಖಾನ ಪಠಾಣರು ಗೆದ್ದರು. ಅದೇ ದಿನ ಚನ್ನಪಟ್ಟಣದಲ್ಲಿ ಕುಮಾರಸ್ವಾಮಿಯವರು ಬಿಟ್ಟುಹೋದ ಸ್ಥಾನಕ್ಕೆ ಜನತಾದಳದಿಂದ ನಿಂತ ಮಗ ನಿಖಿಲರೂ ಸೋತರು. ಸಂಡೂರಿನಲ್ಲಿ ತುಕಾರಾಮರ ಸ್ಥಾನಕ್ಕೆ ಕಾಂಗ್ರೆಸ್ಸಿನಿಂದ ನಿಂತ ಪತ್ನಿ ಅನ್ನಪೂರ್ಣಾ ಅವರು ಗೆದ್ದರು.

ಸದ್ಭಕ್ತರೆ, ಇಲ್ಲಿ ಸೋಲು ಗೆಲುವುಗಳ ಲೆಕ್ಕವನ್ನು ಬದಿಗಿಡಿರಿ. ಮೂರು ಕ್ಷೇತ್ರ, ಮೂರು ಪಕ್ಷ. ಮೂರರಲ್ಲಿಯೂ ಟಿಕೆಟ್ಟು ಹೋದದ್ದು ಮನೆಯೊಳಗೇ. ಪರಸ್ಪರ ಒಂದು ಮಾತಿಗೂ ಒಪ್ಪದ ಪಕ್ಷಗಳು ಈ ಒಂದು ವಿಷಯದಲ್ಲಿ ಏಕಮತವಾಗಿದ್ದವು. ಮತವು ವಂಶಪಾರಂಪರ್ಯವಾಗಿ ಇಳಿದು ಬರುವುದಿಲ್ಲ. ಅದನ್ನು ಶಿಗ್ಗಾವಿ ತೋರಿಸಿತು. ಇಳಿದು ಬರುವುದು ಬಿ ಫಾರಂ. ಇಪ್ಪತ್ತು ವರ್ಷ ಧ್ವಜ ಕಟ್ಟಿ, ಬೂತಿನಲ್ಲಿ ಕುಳಿತು, ಪಕ್ಷಕ್ಕಾಗಿ ಹೊಲದ ಕೆಲಸ ಬಿಟ್ಟ ಕಾರ್ಯಕರ್ತನನ್ನು ಮತದಾರನು ತಿರಸ್ಕರಿಸುವುದಿಲ್ಲ. ಅವನ ಹೆಸರು ಮತದಾರನವರೆಗೆ ಬರುವುದೇ ಇಲ್ಲ.

ಕುಂದಗೋಳದ ಕಥೆ ಇನ್ನೂ ಸೂಕ್ಷ್ಮವಾದುದು. ಸಿ.ಎಸ್. ಶಿವಳ್ಳಿಯವರು 2018ರಲ್ಲಿ ಕೇವಲ 634 ಮತಗಳಿಂದ ಗೆದ್ದು, ಸಚಿವರಾಗಿ, 2019ರ ಮಾರ್ಚ್‌ನಲ್ಲಿ ಅಕಾಲಿಕವಾಗಿ ಲಿಂಗೈಕ್ಯರಾದವರಂತೆ ಜನರ ಕಣ್ಣೀರಿನ ನಡುವೆ ಅಗಲಿದರು. ಎರಡು ತಿಂಗಳು ತುಂಬುವುದರೊಳಗೆ ಪತ್ನಿ ಕುಸುಮಾವತಿಯವರು ಕಣದಲ್ಲಿದ್ದರು. 1,601 ಮತಗಳಿಂದ ಗೆದ್ದರು. ಗಂಡನನ್ನು ಕಳೆದುಕೊಂಡ ಹೆಣ್ಣುಮಗಳು ಶೋಕವನ್ನು ಸೆರಗಿನಲ್ಲಿ ಕಟ್ಟಿಕೊಂಡು ಹಳ್ಳಿ ಹಳ್ಳಿ ತಿರುಗಬೇಕಾದುದನ್ನು ನಾನು ಸುಲಭವಾಗಿ ಟೀಕಿಸಲಾರೆ. ಹೆಣ್ಣುಮಕ್ಕಳಿಗೆ ವಿಧಾನಸಭೆಯ ಬಾಗಿಲು ಬೇರೆ ಯಾವ ಕಡೆಯಿಂದ ತೆರೆದಿದೆ? ಪತಿಯ ಮರಣವೇ ಅರ್ಹತೆಯಾಗಬೇಕಾಗಿ ಬಂದುದು ಅವರ ದೋಷವಲ್ಲ. 2023ರಲ್ಲಿ ಕ್ಷೇತ್ರವು ಎಂ.ಆರ್. ಪಾಟೀಲರನ್ನು ಆರಿಸಿತು. ಅನುಕಂಪದ ಅವಧಿ ಒಂದೇ ಚುನಾವಣೆ.

ಇಷ್ಟು ಹೇಳಿದ ಮೇಲೆ ನಮ್ಮ ಕಡೆಗೂ ನೋಡಿಕೊಳ್ಳಬೇಕು. ಕಲ್ಯಾಣದ ಶೂನ್ಯಪೀಠಕ್ಕೆ ಬಸವಣ್ಣನವರು ಕರೆತಂದುದು ಮದ್ದಳೆ ಬಾರಿಸುತ್ತಿದ್ದ ಅಲ್ಲಮನನ್ನು, ಮನೆಯವರನ್ನಲ್ಲ. "ತರುವಾಯ ಬಂದ ಚನ್ನಬಸವಣ್ಣ ಅಕ್ಕನ ಮಗನಲ್ಲವೆ?" ಎಂದು ಗುರುಕುಲದಲ್ಲಿ ನಾನೇ ಒಮ್ಮೆ ಕೇಳಿದ್ದೆ. ಗುರುಗಳು ಸಿಟ್ಟಾಗಲಿಲ್ಲ. "ಅಳಿಯನೆಂಬುದು ನಿಜ. ಅವನನ್ನು ಒರೆಗೆ ಹಚ್ಚಿದವರು ಯಾರು, ನೋಡು. ಮಾವನೋ, ಅನುಭವ ಮಂಟಪವೋ?" ಎಂದರು. ನಮ್ಮ ವಿರಕ್ತ ಮಠಗಳಲ್ಲಿ ಮರಿಯನ್ನು ಆರಿಸುವಾಗಲೂ ಪೂರ್ವಾಶ್ರಮದ ಬಂಧುಗಳ ಓಡಾಟ ಇಲ್ಲವೆಂದು ಎದೆ ತಟ್ಟಿ ಹೇಳಲು ನನ್ನಿಂದಾಗದು.

ಫಿಲಿಪ್ಪೀನ್ಸ್ ದೇಶದ 1987ರ ಸಂವಿಧಾನವು ರಾಜಕೀಯ ವಂಶಗಳನ್ನು ನಿಷೇಧಿಸಿ, ವಿವರವನ್ನು ಕಾನೂನಿಗೆ ಬಿಟ್ಟಿತು. ಅಂತಹ ಮನೆತನಗಳಿಂದಲೇ ತುಂಬಿದ ಅಲ್ಲಿನ ಸಂಸತ್ತು ದಶಕಗಳು ಕಳೆದರೂ ಆ ಕಾನೂನನ್ನು ಮಾಡಲಿಲ್ಲ. ವತನವನ್ನು ವತನದಾರರೇ ರದ್ದುಮಾಡಬೇಕೆಂದರೆ ಹೀಗೆಯೇ.

ಹಿರಿಯರಿಗೆ ಇದೆಲ್ಲವನ್ನೂ ಹೇಳಿ, ಮರಳಿ ಒಂದು ಪ್ರಶ್ನೆ ಕೇಳಿದೆ. ಅವರು 1980ರಲ್ಲಿ ಮಲಪ್ರಭೆಯ ಕರದ ವಿರುದ್ಧ ನವಲಗುಂದಕ್ಕೆ ನಡೆದು ಹೋದವರು, ಜುಲೈ 21ರ ಗೋಲಿಬಾರನ್ನು ಕಂಡವರು. "ಅಂಥ ನೀವೇ ದೊಡ್ಡಮನೆಯವರಿಗೆ ಮತ ಹಾಕುವುದೇಕೆ?"

"ಹೊಸಬರ ಮನೀ ಎಲ್ಲೈತಿ ಅಂತ ನಮಗ ಗೊತ್ತಿಲ್ರಿ. ದೊಡ್ಡಮನಿ ಕಟ್ಟೀ ಮ್ಯಾಲ ಕುಂತ್ರ ಚಾ ಬರತೈತಿ, ತಹಶೀಲ್ದಾರಗ ಒಂದು ಚೀಟೀನೂ ಸಿಗತೈತಿ. ಚೀಟಿ ಇಲ್ಲದ ಕೆಲಸ ಆಗಲಿ, ಆಮ್ಯಾಲ ಕೇಳ್ರಿ."

ನನ್ನಲ್ಲಿ ಸಿದ್ಧವಾದ ಉತ್ತರವಿರಲಿಲ್ಲ. ಉತಾರಕ್ಕೆ, ಬೆಳೆ ಪರಿಹಾರಕ್ಕೆ, ವೃದ್ಧಾಪ್ಯ ವೇತನಕ್ಕೆ ಚೀಟಿ ಬೇಕಾಗಿರುವವರೆಗೆ ಚೀಟಿ ಬರೆಯುವ ಮನೆಯೂ ಬೇಕಾಗುತ್ತದೆ. ಮಾತು ಬದಲಿಸಲು ಅವರ ಊರಿನ ಪಂಚಾಯತಿಯ ಸಂಗತಿ ಕೇಳಿದೆ. ತಮ್ಮ ವಾರ್ಡು ಮಹಿಳೆಗೆ ಮೀಸಲಾದರೆ ಸೊಸೆಯನ್ನು ನಿಲ್ಲಿಸುವ ವಿಚಾರವಿದೆ ಎಂದರು. "ಸೊಸೆಯನ್ನು ಕೇಳಿದಿರೇನು?" ಎಂದೆ.

ಅವರು ನಕ್ಕು, ಹೆಗಲ ಮೇಲಿನ ವಸ್ತ್ರ ಕೊಡವಿ ಎದ್ದರು. "ಮಗಗ ಕೇಳೇನ್ರಿ," ಎಂದರು.